ಒಲೆಯಲ್ಲಿ ಏಳದ ಘಾಟು

ನಾಲ್ಕು ವರ್ಷದ ಹಿಂದಿನ ಆ ದಿನ ಅಂಗಳ ಗುಡಿಸಿ ನೀರು ಹೊಡೆದೆ, ಎರಡು ಬುಟ್ಟಿ ಬಟ್ಟೆ ಒಗೆದೆ, ಹನ್ನೆರಡು ರೊಟ್ಟಿ ಬಡಿದೆ. ಹತ್ತು ಗಂಟೆಗೆ ನಳದಲ್ಲಿ ನೀರು ಬಂತು, ಕೊಡ ಇಟ್ಟೆ. ಇಂಥ ಕೆಲಸಗಳನ್ನು ನಂಬಿದವಳು ನಾನು. ದೃಷ್ಟಿ ತಾಗುವುದನ್ನೆಲ್ಲ ನಂಬಿದವಳಲ್ಲ.

ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಸುಧಾ ಗೆಳತಿಯರೊಂದಿಗೆ ತಮಿಳುನಾಡಿನ ಕಡಲಿಗೆ ಹೋಗಿದ್ದಳು. ಅಲ್ಲಿ ಮೀನುಗಳಿಗೆ ಮನೆಯಾಗಲೆಂದು ಹಳೆಯ ಹಡಗೊಂದನ್ನು ಬೇಕೆಂದೇ ಮುಳುಗಿಸಿದ್ದಾರಂತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅದರೊಳಗೆ ಇಳಿಯುವುದು. ನನ್ನ ತವರು ಐರಣಿಯ ಹೊಳೆಯಲ್ಲಿ ಈಜು ಕಲಿತವಳಿಗೆ ಹೆದರಿಕೆ ಎಲ್ಲಿಯದು? ದೋಣಿ ಹತ್ತುವ ಮುಂಚೆ ಕರಿ ಉಡುಪಿನ ಫೋಟೋ ಕಳಿಸಿದಳು.

ಅದನ್ನು ನೋಡಿದ ನಮ್ಮ ಅತ್ತೆ ಉಪ್ಪು, ಏಳು ಮೆಣಸಿನಕಾಯಿ ತಂದು ಫೋನಿಗೇ ನಿವಾಳಿಸತೊಡಗಿದರು.

"ಫೋನಿಗೆ ಯಾರ ದೃಷ್ಟಿ ತಾಗೇತ್ರಿ ಅತ್ತಿ? ಚಾರ್ಜ್ ಇಳದೈತಿ, ಅಷ್ಟ," ಎಂದೆ.

"ನಗು, ನಗು. ಅದರಾಗ ನಿಂತಾಕಿ ನಿನ್ನ ಮಗಳಲ್ಲೇನು?"

ಬಚ್ಚಲ ಒಲೆಯ ಕೆಂಡಕ್ಕೆ ಕಾಯಿ ಹಾಕಿದರು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಒಂದು ಕಾಯಿ ಸುಟ್ಟರೆ ನಾಲ್ಕು ಮನೆಯವರು ಕೆಮ್ಮುತ್ತಾರೆ. ಏಳೂ ಕರಕಾದವು, ಘಾಟು ಏಳಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಕಾಯಿ ಹಳೆಯವಿರಬೇಕೆಂದು ಅದೇ ಡಬ್ಬಿಯ ಇನ್ನೊಂದನ್ನು ಹಾಕಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದೆವು. ಸುಧಾಳಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಅಷ್ಟರಲ್ಲಿ ನಳ ನಿಂತಿತು. ಗಡಿಯಾರ ನೋಡಿದೆ, ಹತ್ತೂವರೆ.

ಮಧ್ಯಾಹ್ನ ಒಂದಕ್ಕೆ ಅವಳೇ ಫೋನ್ ಮಾಡಿದಳು.

"ಅವ್ವಾ, ಹಡಗಿನ ಖೋಲಿಯೊಳಗ ಇದ್ದೆ. ಒಮ್ಮಿಗಿಲೆ ಮೆಣಸಿನಕಾಯಿ ಘಾಟು. ಕೆಮ್ಮು ತಡೀಲಾರದ ಹೊರಗ ಬಂದ್ನಿ, ಮುಳುಗೋದು ಕಲಿಸಾವ್ರೂ ನನ್ನ ಹಿಂದ ಬಂದ್ರು. ಬಂದ್ವಿ ಅನ್ನೋದ್ರಾಗ ಮ್ಯಾಲಿನ ತಗಡು ಕುಸದು ಬಾಗಲಾ ಮುಚ್ಚಿಹೋತು."

ನಾನಿನ್ನೂ ಮೆಣಸಿನಕಾಯಿಯ ಮಾತೇ ಎತ್ತಿರಲಿಲ್ಲ.

"ಎಷ್ಟೊತ್ತಿಗೆ?"

"ಹತ್ತೂವರಿ ಆಗಿತ್ತು. ಯಾಕವ್ವಾ?"

ಒಲೆಯಲ್ಲಿ ಏಳದ ಘಾಟಿನ ವಿಷಯ ಹೇಳಿದೆ. ಸಿಲಿಂಡರಿನ ಗಾಳಿಯನ್ನು ಅಲ್ಲಿ ನಾಲ್ಕು ಜನ ಮೂಸಿ ನೋಡಿದರಂತೆ, ಯಾವ ವಾಸನೆಯೂ ಇರಲಿಲ್ಲ. ನೀರೊಳಗೆ ಮೂಗು ಮುಚ್ಚಿರುತ್ತದೆ, ವಾಸನೆ ಬರುವ ಮಾತೇ ಇಲ್ಲ ಎಂದರಂತೆ. ಇರಬಹುದು. ನನಗೆ ಇವತ್ತಿಗೂ ತಿಳಿದಿಲ್ಲ.

ರೊಟ್ಟಿ ಹಾಗೇ ಉಳಿದವು. ರಾತ್ರಿ ಬಿಸಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಎರಡೆರಡು ತುತ್ತು ಉಂಡೆವು. ಮಲಗುವಾಗ ಮತ್ತೆ ಫೋನ್ ಮಾಡಿ "ಫೋನ್ ಇಡಬ್ಯಾಡವ್ವಾ" ಎಂದಿದ್ದ ಸುಧಾಳೇ ಅಲ್ಲಿ ಮೊದಲು ನಿದ್ದೆ ಹೋದಳು. ನಾನೂ ಅತ್ತೆಯೂ ಫೋನಿನಲ್ಲಿ ಅವಳ ಉಸಿರು ಕೇಳುತ್ತ ಕುಳಿತಿದ್ದೆವು.