ಹೆಮ್ಮಿಗೆಯ ಯಜಮಾನರೂ ಇಂಗ್ಲೆಂಡಿನ ರಾಜರೂ

ಹೆಮ್ಮಿಗೆಯ ಚೆಲುವರಾಜು ಊರಿನ ಯಜಮಾನರು. ಅವರಪ್ಪನೂ ಯಜಮಾನರೇ, ತಾತನೂ ಯಜಮಾನರೇ. ಸರ್ಕಾರದ ಪಂಚಾಯ್ತಿ ಬೇರೆ ಬಿಡಿ, ಅದರ ಮೆಂಬರುಗಳು ಬರುತ್ತಾರೆ, ಹೋಗುತ್ತಾರೆ. ಮಾರಿಗುಡಿಯ ಜಗಲಿ ಮೇಲೆ ಕೂತು ಬದುವಿನ ಜಗಳ, ಗಂಡ ಹೆಂಡಿರ ಮುನಿಸು, ಅಣ್ಣತಮ್ಮಂದಿರ ತಕರಾರು ಬಗೆಹರಿಸುವುದು ಮಾತ್ರ ಇಂದಿಗೂ ಯಜಮಾನರ ಕೆಲಸ. ಅರವತ್ತು ದಾಟಿದ ಈ ಮನುಷ್ಯ ಯಾರೆದುರೂ ತಲೆ ಕೆರೆದುಕೊಂಡು ನಿಂತವರಲ್ಲ. ಅಂಥವರು ಆ ಶನಿವಾರ ಸಂಜೆ ಹಸುವಿಗೆ ಹುಲ್ಲು ಹಾಕುವುದನ್ನೂ ಮರೆತು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದರು. ಹಸು ಎರಡು ಸಲ ಕೂಗಿತು. ಕೇಳಿಸಲಿಲ್ಲ.

ಕಾರಣ ನಾಲೆಯ ನೀರು. ಹಿಂದೆಲ್ಲ ಯಜಮಾನರ ಗದ್ದೆಗೆ ಸರದಿ ಅನ್ನುವುದೇ ಇರಲಿಲ್ಲ. ಅವರಪ್ಪ ಮನಸ್ಸು ಬಂದಾಗ ತೂಬು ಎತ್ತುತ್ತಿದ್ದರು, ಕೇಳುವ ಗಂಡಸು ಊರಲ್ಲಿರಲಿಲ್ಲ. ಹೋದ ವರ್ಷ ನೀರಿನ ವಿಷಯಕ್ಕೆ ಇಬ್ಬರು ಗುದ್ದಲಿ ಹಿಡಿದು ಬಡಿದಾಡಿದ ಮೇಲೆ ಚೆಲುವರಾಜುವೇ ಕೂಟ ಸೇರಿಸಿ ಕಟ್ಟಳೆ ಮಾಡಿದರು: ಸರದಿ ಮೀರಿ ತೂಬು ಎತ್ತಿದವರಿಗೆ ಅವರ ಮುಂದಿನ ಸರದಿಯ ನೀರು ಇಲ್ಲ. ಮಾತಿನ ಭರದಲ್ಲಿ “ಯಾರೇ ಆಗ್ಲಿ” ಅಂತಲೂ ಸೇರಿಸಿಬಿಟ್ಟರು. ಜನ ಚಪ್ಪಾಳೆ ಹೊಡೆದರು, ಇವರಿಗೂ ಖುಷಿಯಾಯಿತು. ಹಾಳು ನಾಲಿಗೆ!

ಶುಕ್ರವಾರ ಬೆಳಿಗ್ಗೆ ಗದ್ದೆ ಕಡೆ ಹೋದವರು ನೋಡುತ್ತಾರೆ, ಬತ್ತದ ಸಸಿ ಬಿಟ್ಟಿದ್ದ ಒಟ್ಲು ಬಿರುಕು ಬಿಟ್ಟಿದೆ. ಅವತ್ತಿನ ಸರದಿ ಮಂಚಮ್ಮನದು. ಗಂಡ ಸತ್ತ ಹೆಂಗಸು, ಅಂಗೈಯಗಲ ಗದ್ದೆ. ಒಂದು ಗಳಿಗೆ ನೀರು ಈಚೆ ತಿರುಗಿದರೆ ಅವಳಿಗೇನು ಮುಳುಗಿಹೋಗುತ್ತದೆ ಅನ್ನಿಸಿತೋ, ಅಪ್ಪನ ಕಾಲದ ಅಭ್ಯಾಸವೋ, ಕೈ ತಾನಾಗಿಯೇ ತೂಬು ಎತ್ತಿತು. ತಿರುಗಿದರೆ ಬದುವಿನ ಮೇಲೆ ಮಂಚಮ್ಮ. ಬಯ್ಯಲಿಲ್ಲ, ಕೂಗಾಡಲಿಲ್ಲ. “ಭಾನ್ವಾರ ಕೂಟಕ್ಕೆ ಬತ್ತೀನಿ” ಅಂದಳು, ಹೋದಳು.

ಅಲ್ಲಿಂದ ಶುರುವಾಯಿತು ನೋಡಿ ತಲೆಯೊಳಗಿನ ಗಲಾಟೆ. ಯಾರೇ ಆಗಲಿ ಅಂದರೆ ಅದರಲ್ಲಿ ತಾನೂ ಸೇರಿದಂತೆಯೇ? ಕಟ್ಟಳೆ ಮಾಡಿದವನು ಕಟ್ಟಳೆಯ ಒಳಗೋ, ಹೊರಗೋ? ನೀರು ಬಿಟ್ಟುಕೊಟ್ಟರೆ ಒಟ್ಲು ಹೋಗುತ್ತದೆ, ಈ ಸಲದ ನಾಟಿ ಹೋಗುತ್ತದೆ. ಬಿಟ್ಟುಕೊಡದಿದ್ದರೆ ಇನ್ನು ಮೇಲೆ ತನ್ನ ಮಾತಿಗೆ ಯಾರು ಕಿವಿ ಕೊಡುತ್ತಾರೆ?

ಒಳಗೆ ಪಡಸಾಲೆಯಲ್ಲಿ ಮಗಳು ಶೃತಿ ಪುಸ್ತಕ ಹರಡಿಕೊಂಡು ಕೂತಿದ್ದಳು. ನಂಜನಗೂಡಿನ ಕಾಲೇಜಿನಲ್ಲಿ ಚರಿತ್ರೆ ಮೇಡಂ ಅವಳು, ರಜಕ್ಕೆ ಬಂದಿದ್ದಳು. ಇವರು ಹೋಗಿ ಪಕ್ಕದಲ್ಲಿ ಕೂತರು.

“ಏನವ್ವ ಪಾಠ?”

“ಇಂಗ್ಲೆಂಡಿನ ರಾಜರನ್ನ ಕಾನೂನಿನ ಕೆಳಗೆ ತಂದದ್ದು ಹೇಗೆ ಅಂತ.” ತೂಬಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಊರಿಗೆಲ್ಲ ಬಿದ್ದಿತ್ತು. ಅವಳು ಅದನ್ನು ಎತ್ತಲಿಲ್ಲ.

“ರಾಜುನ್ಗೆ ಎಂಥ ಕಾನೂನವ್ವ? ಅವ್ನು ಯೋಳಿದ್ದೇ ಕಾನೂನು.”

“ಜಾನ್ ಅನ್ನೋ ರಾಜನೂ ಹಂಗೇ ಅಂದ್ಕೊಂಡಿದ್ದ. ಪಾಳೇಗಾರರೆಲ್ಲ ಒಟ್ಟಾಗಿ ಹೊಳೆ ದಂಡೆಗೆ ಕರೆಸಿ ಪತ್ರಕ್ಕೆ ಮುದ್ರೆ ಒತ್ತಿಸಿದ್ರು. ಕಾನೂನು ಬಿಟ್ಟು ಯಾರನ್ನೂ ಹಿಡಿಯೋ ಹಂಗಿಲ್ಲ ಅಂತ.”

“ಆಮ್ಯಾಕೆ ಸರಿಹೋದ್ನಾ?”

“ಎಲ್ಲಿ! ಕೆಲವೇ ತಿಂಗಳಲ್ಲಿ ಆ ಪತ್ರ ನಡೆಯಲ್ಲ ಅಂದ. ಯುದ್ಧ ಆಯ್ತು. ಎಷ್ಟೋ ನೂರು ವರ್ಷ ಆದ್ಮೇಲೆ ಚಾರ್ಲ್ಸ್ ಅಂತ ಇನ್ನೊಬ್ಬ ಬಂದ. ಅವನ ಮೇಲೆ ವಿಚಾರಣೆ ನಡೆಸಿದ್ರೆ, ರಾಜನನ್ನ ವಿಚಾರಿಸೋಕೆ ನೀವ್ಯಾರು ಅಂತ ಕೇಳ್ದ.”

ಚೆಲುವರಾಜು ನೆಟ್ಟಗೆ ಕೂತರು. “ಸರ್ಯಾಗಿ ಕೇಳವ್ನೆ ಕಣವ್ವ. ಅದ್ಕೇನಂದ್ರು?”

“ತಲೆ ಕಡಿದ್ರು.”

“ಅಯ್ಯೋ ಶಿವನೇ!”

“ಆಮೇಲೆ ಅವನ ಮಗನ್ನೇ ಕರ್ಕೊಂಡು ಬಂದು ರಾಜ ಮಾಡಿದ್ರು.”

“ಥೂ, ಬುಡವ್ವ! ಅಪ್ಪುನ್ ತಲೆ ತಗುದ್ಬುಟ್ಟು ಮಗುನ್ಗೆ ಕಿರೀಟ ಮಡುಗುದ್ರಾ? ಉಚ್ಚು ಇಡುದಿತ್ತಾ ಅವ್ರಿಗೆ?”

“ಆ ಮಗ ಸತ್ಮೇಲೆ ಅವನ ತಮ್ಮ ರಾಜ ಆದ, ಅವನೂ ಹಳೇ ಚಾಳಿ ಬಿಡಲಿಲ್ಲ. ಅವನನ್ನ ಓಡಿಸಿ, ಅವನ ಮಗಳು ಅಳಿಯನ್ನ ಕೂರಿಸಿದ್ರು. ಕಾನೂನಿನ ಪ್ರಕಾರವೇ ಆಳ್ತೀವಿ ಅಂತ ಆಣೆ ಮಾಡಿಸ್ಕೊಂಡೇ ಕಿರೀಟ ಕೊಟ್ರು.”

“ಅಂಗಾರೆ ದೊಡ್ಡವ್ರು ಯಾರು? ರಾಜ್ನೋ, ಆಣೆ ಮಾಡ್ಸ್ಕೊಂಡವ್ರೋ?”

“ಕಾನೂನು, ಅಪ್ಪ.”

“ಕಾನೂನ್ಗೆ ಕೈಕಾಲು ಇದ್ದದಾ? ಅದ್ರ ಬಾಯಿ ಯಾರು?” ಶೃತಿ ಪುಸ್ತಕದಲ್ಲಿ ಹುಡುಕತೊಡಗಿದಳು. ಇವರಿಗೆ ಮೊದಲಿಗಿಂತ ಹೆಚ್ಚು ಗೋಜಲಾಯಿತು, ಎದ್ದು ಹೋದರು.

ಭಾನುವಾರ ಕೂಟ ಸೇರಿತು. ಯಜಮಾನರು ಜಗಲಿ ಮೇಲೆ, ಮಿಕ್ಕವರು ನೆಲದ ಮೇಲೆ, ಹೆಂಗಸರು ಹಿಂದೆ ನಿಂತು. ಹೆಂಗಸರ ದೂರನ್ನು ಗಂಡಸರೇ ಹೇಳುವುದು ರೂಢಿ. ಮಂಚಮ್ಮನ ಪರವಾಗಿ ಮೈದುನ ಚಿಕ್ಕಸ್ವಾಮಿ ಎದ್ದು, ಟವೆಲ್ ಹಿಂಡುತ್ತ, “ತೂಬು... ಸರ್ದಿ ಮೀರಿ... ಎತ್ತವ್ರೆ ಸಾ” ಅಂದ. ಎತ್ತಿದವರು ಯಾರು ಅನ್ನಲು ಬಾಯಿ ಬರಲಿಲ್ಲ, ಕೂತುಬಿಟ್ಟ. ಎಲ್ಲರೂ ಯಜಮಾನರ ಮುಖ ನೋಡಿದರು.

ಕೂತಿದ್ದರೆ ತಪ್ಪೊಪ್ಪುವವರು ಯಾರು? ಇಳಿದರೆ ತೀರ್ಪು ಹೇಳುವವರು ಯಾರು? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ, ಕಾಲು ಮಾತ್ರ ಜಗಲಿಯಿಂದ ಕೆಳಗಿಳಿಯಿತು. “ಎತ್ತಿದ್ದು ನಾನೇ” ಅಂದು ಕೂಟದ ಮುಂದೆ ಉದ್ದಕ್ಕೆ ಅಡ್ಡಬಿದ್ದರು.

ಬಿದ್ದ ಮೇಲೆ ಹೊಳೆಯಿತು ಅಸಲು ಫಜೀತಿ. ತಪ್ಪೊಪ್ಪಿ ಕೂಟಕ್ಕೆ ಅಡ್ಡಬಿದ್ದವನು ತಾನಾಗಿ ಏಳುವ ಹಾಗಿಲ್ಲ, ಅದು ಊರ ರೂಢಿ. ಯಜಮಾನರು ತೀರ್ಪು ಹೇಳಿ “ಏಳಪ್ಪ” ಅನ್ನಬೇಕು, ಆಮೇಲೇ ಏಳುವುದು. ಆ ಮಾತು ಹೇಳುವವರೇ ಈಗ ಮಣ್ಣಿಗೆ ಮೂಗು ಹಚ್ಚಿ ಮಲಗಿದ್ದರು. ಒಬ್ಬರು ಕೆಮ್ಮಿದರು, ಅಷ್ಟೇ. ಮೊಣಕಾಲು ನೋಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಇಷ್ಟು ಜನರಲ್ಲಿ ಒಂದು ಬಾಯಿ ಇಲ್ಲವಲ್ಲ ಅಂತ ಅಳು ಬಂದಂತಾಯಿತು.

ಹಿಂದಿನಿಂದ ಹೆಜ್ಜೆ ಸದ್ದು. ಹೆಂಗಸರ ಸಾಲು ಬಿಟ್ಟು ಮಂಚಮ್ಮ ಮುಂದೆ ಬಂದಿದ್ದಳು.

“ಮುಂದುಲ ಸರ್ದಿ ನಿಂಗೆ ನೀರಿಲ್ಲ,” ಅಂದಳು. ಆಮೇಲೆ, “ಏಳಪ್ಪ,” ಅಂದಳು.

ಚೆಲುವರಾಜು ಎದ್ದರು. ಒಟ್ಲು ಹೋಯಿತು ಅಂತ ಹೊಟ್ಟೆ ಉರಿಯುತ್ತಿತ್ತು. ಅದರ ಜೊತೆಗೇ ಎದೆ ಹಗುರವೂ ಆಗಿತ್ತು, ಯಾಕೆಂದು ತಿಳಿಯಲಿಲ್ಲ. ಮಣ್ಣು ಕೊಡವಿಕೊಂಡು ಖಾಲಿ ಜಗಲಿಯನ್ನು ನೋಡಿದರು, ನೆಲದ ಮೇಲೆ ಕೂತ ಜನರನ್ನು ನೋಡಿದರು, ಕೊನೆಗೆ ಮಂಚಮ್ಮನ ಕಡೆ ತಿರುಗಿದರು.

“ಈಗ ನಾನೆಲ್ಲಿ ಕೂತ್ಕಳ್ಲವ್ವ?”