ಹೋಳಿಗೆ ಕೋಣೆಯ ಟೈಲ್ಸಿಗೆ ಅಂಟು ಹುಡುಕಿದ್ದು

ಶಿವಮೊಗ್ಗದ ಸವಳಂಗ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆ. ಮನೆಯ ಪಕ್ಕದಲ್ಲೇ ಕಾರಿನ ಶೆಡ್ಡು. ಹಳೆಯ ಕಾರನ್ನು ಮಾರಿದ ಮೇಲೆ ಅಲ್ಲಿ ಕಾಲು ಮುರಿದ ಕುರ್ಚಿ, ಒಣಗಿದ ಪೇಂಟ್ ಡಬ್ಬಿ, ಯಾರಿಗೂ ಬೇಡವಾದ ಸೈಕಲ್ಲು ಸೇರಿಕೊಂಡಿದ್ದವು. ಅದನ್ನು ಹೋಳಿಗೆ ಮಾಡುವ ಕೋಣೆ ಮಾಡೋಣ ಎಂದವಳು ನನ್ನ ನಾದಿನಿ.

ಅವಳು ಮದುವೆಯಾಗಿ ಭದ್ರಾವತಿಗೆ ಹೋದವಳು. ಅಲ್ಲಿ ಬೀದಿಯ ಯಾರ ಮನೆಯಲ್ಲಿ ಹಬ್ಬವಾದರೂ ಹೋಳಿಗೆ ಲಟ್ಟಿಸಲು ಇವಳೇ ಬೇಕು. ಒಂದು ಯುಗಾದಿಗೆ ನಮ್ಮ ಮನೆಗೆ ಬಂದವಳು ಶೆಡ್ಡಿನ ಬಾಗಿಲಲ್ಲಿ ನಿಂತು, "ಅತ್ತಿಗೆ, ಹೂರಣ ನೀವು ನೋಡ್ಕೊಳ್ಳಿ, ಕನಕ ನಾನು ಕಲಸ್ತೀನಿ. ದಿನಾ ಬೆಳಿಗ್ಗೆ ಬಸ್ಸಿಗೆ ಬರ್ತೀನಿ, ಸಂಜೆ ಹೋಗ್ತೀನಿ. ಏನಂತೀರಿ?" ಅಂದಳು. ನಾನು ಏನನ್ನೂ ಅನ್ನುವ ಮೊದಲೇ ಸೈಕಲ್ಲನ್ನು ಎಳೆದು ಹೊರಗೆ ಹಾಕಿದ್ದಳು.

ಹೋಳಿಗೆ ಕೋಣೆ ಎಂದರೆ ಎಣ್ಣೆ, ತುಪ್ಪ, ಬೆಲ್ಲದ ಪಾಕ. ಒರೆಸಿದರೆ ಹೋಗುವಂಥ ಗೋಡೆ ಬೇಕು. ನಾವಿಬ್ಬರೂ ಅಂಗಡಿ ಅಂಗಡಿ ಸುತ್ತಿ, ಗೋಡೆಗೆ ಕೆನೆ ಬಣ್ಣದ ಹೊಳೆಯುವ ದೊಡ್ಡ ವಿಟ್ರಿಫೈಡ್ ಟೈಲ್ಸ್, ನೆಲಕ್ಕೆ ಕಾಲು ಜಾರದ ಒರಟು ಟೈಲ್ಸ್ ಆರಿಸಿದೆವು. ಟೈಲ್ಸ್ ಆರಿಸಲು ಎಷ್ಟು ಹೊತ್ತು ಕಳೆದೆವೋ, ಅದನ್ನು ಯಾವುದರಿಂದ ಅಂಟಿಸಬೇಕು ಎಂದು ಅದರಲ್ಲಿ ಅರೆಗಳಿಗೆಯೂ ಯೋಚಿಸಲಿಲ್ಲ. ಅದು ಮೇಸ್ತ್ರಿಯ ಕೆಲಸ ಅಂದುಕೊಂಡಿದ್ದೆವು.

ಮೇಸ್ತ್ರಿಯನ್ನು ನಾದಿನಿಯೇ ಭದ್ರಾವತಿಯಿಂದ ಕರೆತಂದಳು. ಮನೆಮಾತು ತಮಿಳು, ನಮ್ಮ ಜೊತೆ ಮೆತ್ತಗಿನ ಕನ್ನಡ. ಗೋಡೆಯ ಮೊದಲ ಸಾಲನ್ನು ಅವರು ತಮಗೆ ರೂಢಿಯಿದ್ದ ರೀತಿಯಲ್ಲಿ, ಟೈಲಿನ ಬೆನ್ನಿಗೆ ಅಲ್ಲಲ್ಲಿ ಸಿಮೆಂಟಿನ ಉಂಡೆ ಇಟ್ಟು ಒತ್ತಿದರು. ಕನ್ನಡಿಯ ಹಾಗೆ ಹೊಳೆಯಿತು. ನಾದಿನಿಗೆ ತಡೆಯಲಾಗಲಿಲ್ಲ. ಕೆಲಸ ಮುಗಿಯುವ ಮೊದಲೇ, ಮುಂದಿನ ವಾರ, ಆ ಗೋಡೆಯ ಮುಂದೆ ಒಲೆ ಇಟ್ಟು ಹಾಲು ಉಕ್ಕಿಸಿ, ಒಂದಿಷ್ಟು ಹೋಳಿಗೆ ಬೇಯಿಸಿಯೇ ಬಿಡೋಣ ಎಂದು ಹಟ ಹಿಡಿದಳು.

ಕಾವಲಿ ಚೆನ್ನಾಗಿ ಕಾದಿತ್ತು. ನಾನು ಎರಡನೆಯ ಹೋಳಿಗೆ ಮಗುಚುತ್ತಿದ್ದೆ. ಒಲೆಯ ಹಿಂದೆ 'ಟಕ್' ಎಂದಿತು. ನೋಡನೋಡುತ್ತಿದ್ದಂತೆ ಒಂದು ಟೈಲು ಗೋಡೆಯನ್ನು ಬಿಟ್ಟು, ಕಟ್ಟೆಯ ಮೇಲೆ ಜಾರಿ, ಕನಕದ ಪಾತ್ರೆಯೊಳಗೆ ಮೆತ್ತಗೆ ಹೋಗಿ ಕೂತಿತು. ಒಡೆಯಲೂ ಇಲ್ಲ.

ನಾದಿನಿ ಕನಕದಿಂದ ಟೈಲನ್ನು ಕಷ್ಟಪಟ್ಟು ಬಿಡಿಸಿ ತೊಳೆದಿಟ್ಟಳು.

"ನನ್ನ ಕನಕಕ್ಕೆ ಇರೋ ಹಿಡಿತ ಆ ಸಿಮೆಂಟಿಗೆ ಇಲ್ವಲ್ಲ ಅತ್ತಿಗೆ" ಅಂದಳು ನಾದಿನಿ. ನಾನು ಒಲೆ ಆರಿಸಿ, ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೆಯ ದಿನ ಮೇಸ್ತ್ರಿ ಬಂದು ಬಿದ್ದ ಟೈಲನ್ನು ತಿರುಗಿಸಿ ನೋಡಿದರು. ಬೆನ್ನು ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛವಾಗಿತ್ತು. ಸಿಮೆಂಟಿನ ಉಂಡೆಗಳೆಲ್ಲ ಗೋಡೆಯಲ್ಲೇ ಉಳಿದಿದ್ದವು. ಅವರ ಮುಖ ಸಣ್ಣದಾಯಿತು. "ಸೆರಾಮಿಕ್ ಆದ್ರೆ ಹಿಂಗಾಗಲ್ಲ ಅಕ್ಕ. ಈ ಟೈಲ್ಸ್‌ಗೆ ಈಗ ಗಮ್ ಬರುತ್ತೆ ಅಂತಾರೆ. ನಾನು ಹಾಕಿ ನೋಡಿಲ್ಲ. ನಂಬಿಕೆ ಇಲ್ಲ" ಅಂದರು.

"ಹಂಗಾದ್ರೆ ನೀವೂ ಬನ್ನಿ, ಹೋಗಿ ಕೇಳೋಣ" ಎಂದು ನಾದಿನಿ ಅವರನ್ನೂ ಹೊರಡಿಸಿದಳು.

ಸವಳಂಗ ರಸ್ತೆಯ ಅಂಗಡಿಯೊಂದರಲ್ಲಿ ಅಂಟಿನ ಪುಡಿಯ ಚೀಲಗಳನ್ನು ಸೂರಿನವರೆಗೆ ಜೋಡಿಸಿದ್ದರು. ಒಂದೊಂದಕ್ಕೂ ಒಂದೊಂದು ಬಣ್ಣ. ಯಾವುದು ಒಳ್ಳೆಯದು ಎಂದು ನಾನು ಕೇಳಿದೆ.

"ಹಂಗೆ ಕೇಳಿದ್ರೆ ಹೇಳಕ್ಕಾಗಲ್ಲಮ್ಮ" ಅಂದ ಅಂಗಡಿಯವನು. "ಎಲ್ಲಿಗೆ, ಯಾವ ಟೈಲು, ಅದರ ಕೆಳಗೆ ಏನಿದೆ, ಅಲ್ಲಿ ಏನು ಕೆಲಸ ಮಾಡ್ತೀರಿ, ಅದು ಹೇಳಿ."

ಹೋಳಿಗೆಯ ವಿಷಯ ತಿಳಿದ ಮೇಲೆ ಅವನಿಗೆ ಉತ್ಸಾಹ ಬಂತು. ಎರಡು ಟೈಲಿನ ಚೂರು ಬೋರಲು ಹಾಕಿ, ಬೆನ್ನಿನ ಮೇಲೆ ನೀರಿನ ಹನಿ ಬಿಟ್ಟ. ಸೆರಾಮಿಕ್ ಚೂರು ನೀರನ್ನು ಕುಡಿದುಬಿಟ್ಟಿತು. ನಮ್ಮ ಹೊಳೆಯುವ ಟೈಲಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿದ್ದಂತೆ ಹಾಗೆಯೇ ನಿಂತಿತು. ನೀರನ್ನೇ ಎಳೆದುಕೊಳ್ಳದ ಟೈಲಿಗೆ ಬರೀ ಸಿಮೆಂಟು ಕಚ್ಚುವುದಿಲ್ಲ, ಪಾಲಿಮರ್ ಬೆರೆಸಿದ ಅಂಟೇ ಬೇಕು; ಅದರಲ್ಲೂ ಒಲೆಯ ಬಿಸಿಗೆ ಗೋಡೆ ಹಿಗ್ಗಿ ಕುಗ್ಗುವುದರಿಂದ ಸ್ವಲ್ಪ ಬಾಗುವ ಗುಣದ್ದಾಗಿರಬೇಕು ಎಂದ. ನೆಲದ ಒರಟು ಟೈಲು ಸೆರಾಮಿಕ್. ಅದಕ್ಕೆ ಸಾಧಾರಣ ಅಂಟೇ ಸಾಕು ಎಂದೂ ಹೇಳಿದ.

"ಮಾರಾಟ ಮಾಡೋರು ಹೇಳೋದೇ ಹಿಂಗೆ" ಎಂದು ಮೇಸ್ತ್ರಿ ನನ್ನ ಕಿವಿಯಲ್ಲಿ ಅಂದರು.

ಹಾಗಾಗಿ ನಾವೇ ಪರೀಕ್ಷೆ ಮಾಡಿದೆವು. ಕಾಂಪೌಂಡಿನ ಹಿಂದಿನ ಗೋಡೆಗೆ ನಮ್ಮ ಟೈಲಿನ ಚೂರುಗಳನ್ನು ಸಾಲಾಗಿ ಅಂಟಿಸಿದೆವು. ಒಂದಕ್ಕೆ ಸಿಮೆಂಟು, ಒಂದಕ್ಕೆ ಸಾಧಾರಣ ಅಂಟು, ಇನ್ನೊಂದಕ್ಕೆ ಬಾಗುವ ಗುಣದ ಅಂಟು. ಸಿಮೆಂಟಿನದನ್ನು ಮಾತ್ರ ತಾವೇ ಅಂಟಿಸುವುದಾಗಿ ಮೇಸ್ತ್ರಿ ಪಟ್ಟು ಹಿಡಿದು, ಬೆನ್ನ ತುಂಬ ಬಳಿದು ಒತ್ತಿದರು. ಆಮೇಲೆ ಚೆನ್ನಾಗಿ ಒಣಗುವವರೆಗೆ ಬಿಟ್ಟೆವು. ಅದಾದ ಮೇಲೆ ನಾದಿನಿ ಬಂದಾಗಲೆಲ್ಲ ಕುದಿಯುವ ನೀರು, ಅದರ ಹಿಂದೆಯೇ ತಣ್ಣೀರು ಸುರಿದಳು. ಪಕ್ಕದ ಮನೆಯವರು, "ಗೋಡೆಗೂ ಸ್ನಾನ ಮಾಡಿಸ್ತೀಯೇನೇ ಮಾರಾಯ್ತಿ?" ಎಂದು ಕೇಳಿದರು.

ಕೊನೆಗೆ ಮೇಸ್ತ್ರಿ ಉಳಿ ಸುತ್ತಿಗೆ ತಂದರು. ಸಿಮೆಂಟಿನ ಚೂರು ಒಂದೇ ಏಟಿಗೆ ಇಡಿಯಾಗಿ ಕೈಗೆ ಬಂತು. ಎರಡನೆಯದು ನಾಲ್ಕಾರು ಏಟು ತಿಂದು ಬಂತು. ಮೂರನೆಯದಕ್ಕೆ ಅವರು ಲುಂಗಿ ಎತ್ತಿ ಕಟ್ಟಿ ನಿಂತು ಬಡಿದರು. ಟೈಲು ಚೂರುಚೂರಾಗಿ ಸಿಡಿಯಿತು. ಗೋಡೆಗೆ ಹಿಡಿದ ಭಾಗ ಮಾತ್ರ ಬಿಡಲಿಲ್ಲ.

ಅವರು ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡರು. ಆಮೇಲೆ ಮುಖದ ತುಂಬ ನಗು. "ಇದು ಬಿಡಲ್ಲ ಅಕ್ಕ. ಆನೆ ಬಂದ್ರೂ ಬಿಡಲ್ಲ" ಎನ್ನುತ್ತ ಫೋನು ತೆಗೆದು ಗೋಡೆಯ ಫೋಟೊ ಹಿಡಿದರು. ಸೋತವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಗೋಡೆಯ ಹಳೆಯ ಪೇಂಟನ್ನು ಪೂರ್ತಿ ಕೆರೆಯದೆ ಯಾವ ಅಂಟೂ ನಿಲ್ಲುವುದಿಲ್ಲ ಎಂದು ಅಂಗಡಿಯವನು ಎಚ್ಚರಿಸಿದ್ದ. ಮೊದಲ ಸಾಲಿನ ಉಳಿದ ಟೈಲುಗಳನ್ನು ಮೇಸ್ತ್ರಿ ಕಿತ್ತರು; ಪೇಂಟು ಕೆರೆಯುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಸಂಜೆ ಹೊರಗೆ ಬಂದಾಗ ಹುಬ್ಬು, ಮೀಸೆ, ತಲೆ ಎಲ್ಲ ಬಿಳಿ. "ಅಣ್ಣ ಒಂದೇ ದಿನಕ್ಕೆ ಅಜ್ಜ ಆದ" ಎಂದು ನಾದಿನಿ ಬಿದ್ದು ಬಿದ್ದು ನಕ್ಕಳು. ಅವರು ಅದೇ ಬಿಳಿ ಮೀಸೆಯಲ್ಲೇ ಗತ್ತಿನಿಂದ ಕಾಫಿ ಕೇಳಿದರು.

ಅಂಟು ಕಲಸುವಾಗ ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ. ಕಲಸಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಮತ್ತೊಮ್ಮೆ ತಿರುವಬೇಕು. ಗಟ್ಟಿಯಾಯಿತೆಂದು ಮತ್ತೆ ನೀರು ಹಾಕುವಂತಿಲ್ಲ. ಸಿಮೆಂಟಿನ ರೂಢಿಯಲ್ಲಿ ಮೇಸ್ತ್ರಿಯ ಕೈ ಚೊಂಬಿನ ಕಡೆ ಹೋಗುತ್ತಿತ್ತು. ನಾದಿನಿ ಚೊಂಬನ್ನೇ ಎತ್ತಿಕೊಂಡು ಹೊರಗೆ ಇಟ್ಟಳು.

"ಕನಕ ನೆನೆಯಕ್ಕೆ ಬಿಡ್ತೀವಲ್ಲ, ಹಂಗೆ ಬಿಡಿ ಮೇಸ್ತ್ರಿ. ತಾನೇ ಹದಕ್ಕೆ ಬರುತ್ತೆ."

"ಹೋಳಿಗೆ ಮಾಡೋರ ಹತ್ರ ಕೆಲಸ ಮಾಡೋದು ಕಷ್ಟ" ಎಂದರು ಅವರು. ಆದರೆ ಬಿಟ್ಟರು. ಹದಕ್ಕೂ ಬಂತು. ಹಲ್ಲಿರುವ ಕರಣೆಯಿಂದ ಗೋಡೆಯ ಮೇಲೆ ಅದನ್ನು ಎಳೆದಾಗ ಉತ್ತ ಗದ್ದೆಯ ಹಾಗೆ ಸಾಲು ಸಾಲು ಮೂಡಿತು. ಟೈಲಿನ ಬೆನ್ನಿಗೂ ತೆಳ್ಳಗೆ ಬಳಿದು, ಒತ್ತಿ, ಮೊದಲನೆಯದನ್ನು ಮತ್ತೆ ಕಿತ್ತು ತೋರಿಸಿದರು. ಬೆನ್ನ ತುಂಬ ಅಂಟು, ಎಲ್ಲೂ ಬರಿದು ಜಾಗವಿಲ್ಲ. ನನ್ನ ಕೈಯಿಂದಲೂ ಒಂದು ಟೈಲು ಕೂರಿಸಿದರು. ನಾನು ಅದನ್ನು ಬಹಳ ಹೊತ್ತು ಅಂಗೈಯಿಂದ ಒತ್ತಿ ಹಿಡಿದಿದ್ದೆ. "ಸಾಕು ಬಿಡಿ ಅಕ್ಕ, ಎಲ್ಲೂ ಓಡಿ ಹೋಗಲ್ಲ" ಎಂದು ಮೇಸ್ತ್ರಿ ಅನ್ನಬೇಕಾಯಿತು.

ಕೋಣೆ ಶುರುವಾದ ಮೇಲೆ ಮೊದಲ ದೊಡ್ಡ ಆರ್ಡರ್ ಕೊಟ್ಟವರು ಮೇಸ್ತ್ರಿಯೇ. ಮಗಳ ಸೀಮಂತಕ್ಕೆ ಕಾಯಿ ಹೋಳಿಗೆ. ಅವತ್ತು ಬೆಳಗಿನಿಂದ ಒಲೆ ಆರಲಿಲ್ಲ. ತುಪ್ಪ ಸಿಡಿಯಿತು, ಒರೆಸಿದೆವು, ಮತ್ತೆ ಸಿಡಿಯಿತು. ಸಂಜೆ ಅವರೂ ನಾದಿನಿಯೂ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬಸ್ಸಿಗೆ ಭದ್ರಾವತಿಗೆ ಹೊರಟರು.

ನಾನು ಕಾವಲಿ ತೊಳೆದು ಮುಗಿಸುವಷ್ಟರಲ್ಲಿ ನಾದಿನಿಯ ಫೋನು ಬಂತು. ಹಿಂದೆ ಬಸ್ಸಿನ ಗದ್ದಲ.

"ಅತ್ತಿಗೆ, ಇನ್ನೂ ಮಲವಗೊಪ್ಪ ದಾಟಿಲ್ಲ. ವಾಸನೆಗೇ ಬಸ್ಸಿನವರೆಲ್ಲ ತಿರುಗಿ ನೋಡ್ತಿದ್ದಾರೆ. ಕಂಡಕ್ಟರ್ ಮನೇಲಿ ನಾಮಕರಣ ಅಂತೆ, ಬೇಳೆ ಹೋಳಿಗೆ ಬೇಕಂತೆ. ಹಿಂದಿನ ಸೀಟಿನ ಅಜ್ಜಿಗೂ ಬೇಕಂತೆ. ಬೇಳೆ, ಬೆಲ್ಲ ಜಾಸ್ತಿ ತರಿಸಿಡಿ. ನಾಳೆ ಮೊದಲನೇ ಬಸ್ಸಿಗೇ ಬರ್ತೀನಿ."