ಪೆದ್ದಪ್ಪನ ಹೊಕ್ಕುಳ ಮಟ್ಟ

ಕೋಲಾರದ ಸೀಮೆಯಲ್ಲಿ ಪಾಲಾರ್ ಹೊಳೆಯಾಗಿ ಹರಿಯುವುದಿಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಇಷ್ಟಾದರೂ ನಿಮಗೆ ಗೊತ್ತಿರಬೇಕು. ಹಾಗೆ ಬಂದ ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ. ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ಆ ಕೆಲಸ ಪೆದ್ದಪ್ಪನದು. ತೂಬು ಎತ್ತಲು ಊರಿಗೆ ಅವನ ಕೈಯೇ ಆಗಬೇಕು; ಊರ ಬಾವಿಯ ಹಗ್ಗಕ್ಕೆ ಮಾತ್ರ ಆ ಕೈ ತಾಕಕೂಡದು.

ಪೆದ್ದಪ್ಪನಿಗೆ ಓದು ಬಾರದು. ತೂಬಿನ ಪಕ್ಕ ಕೆರೆಯಂಗಳದಲ್ಲಿ ನಿಂತಿದ್ದ ವೀರಗಲ್ಲೇ ಅವನ ಅಳತೆ. ಆ ಬಯಲಿನಲ್ಲಿ ಯಾವ ಕಾಲದಲ್ಲೋ ಕಾಳಗವಾಗಿತ್ತು. ಕಲ್ಲಿನ ಕೆಳಗಡೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ನೀರು ವೀರನ ಎದೆಗೇ ನಿಂತರೆ ಮೇಲಿನ ಗದ್ದೆಗಳಿಗಷ್ಟೇ ಭತ್ತ. ಅಪ್ಸರೆಯರ ಪಾದ ಮುಳುಗಿದರೆ ಕೊನೆಯ ಗದ್ದೆಗಳಿಗೂ, ಅಂದರೆ ಪೆದ್ದಪ್ಪನ ಕೇರಿಯವರಿಗೂ. ತಾತಂದಿರ ಕಾಲದ ಕಟ್ಟಳೆ.

ಮೂವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಪಟೇಲ ಕೋದಂಡರಾಮಪ್ಪ ನಾಲ್ಕು ಜೊತೆ ಎತ್ತು ಕಟ್ಟಿಸಿ ಆ ಕಲ್ಲನ್ನು ಕೀಳಿಸಿದ. ಸಾಹೇಬರು ಇಳಿದುಕೊಳ್ಳುವ ಬಂಗಲೆಯ ಮುಂದೆ ಚೆನ್ನಾಗಿ ಕಾಣುತ್ತದಂತೆ. ಮೇಲಿನ ಗದ್ದೆಗಳಲ್ಲಿ ಮುಕ್ಕಾಲು ಪಾಲು ಯಾರದೆಂದು ಬೇರೆ ಹೇಳಬೇಕಿಲ್ಲ.

ಮಳೆ ಬಂತು. ಊರೆಲ್ಲ ಕೆರೆಯೇರಿಯ ಮೇಲೆ ಸೇರಿದಾಗ ಪಟೇಲ ಕೈ ಅಡ್ಡಡ್ಡ ಆಡಿಸಿದ: "ಈ ಸಲ ಕೊನೆ ಗದ್ದೆಗೆ ನೀರು ಸಾಲಲ್ಲ ಕಣ್ಲಾ."

"ಅಪ್ಸರೆ ಕಾಲು ಮುಳುಗೈತೆ ಸಾಮಿ," ಎಂದ ಪೆದ್ದಪ್ಪ.

"ಎಲ್ಲೈತ್ಲಾ ಅಪ್ಸರೆ? ತೋರ್ಸು!"

ಏರಿಯ ಮೇಲಿದ್ದವರು ಗೊಳ್ಳೆಂದರು. ಪೆದ್ದಪ್ಪ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಂಡತಿ ಆವಲಮ್ಮನ ಕೈಗಿಟ್ಟು ನೀರಿಗಿಳಿದ. ವರ್ಷಾ ವರ್ಷ ಆ ಕಲ್ಲಿನ ಪಾಚಿ ಕೆರೆದವನು ಅವನು. ಅಪ್ಸರೆಯರ ಪಾದ ತನ್ನ ಹೊಕ್ಕುಳಿಗೆ ಸರಿಯೆಂದು ಬಲ್ಲ. ಕಲ್ಲಿನ ಮುಂದೆ ಹಾಸಿದ್ದ ಚಪ್ಪಡಿಯನ್ನು ಕಾಲಲ್ಲೇ ತಡಕಿ, ಹತ್ತಿ ನೆಟ್ಟಗೆ ನಿಂತ. ನೀರು ಹೊಕ್ಕುಳಿಂದ ಎರಡು ಬೆರಳು ಮೇಲಿತ್ತು.

"ಏಮಿರಾ ಪೆದ್ದಪ್ಪಾ," ಪಟೇಲ ನಕ್ಕ, "ನೀನೇನ್ಲಾ ವೀರಗಲ್ಲು?"

ಉತ್ತರ ಕೊಟ್ಟವಳು ಆವಲಮ್ಮ: "ಕಲ್ಲಾಗಿದ್ರೆ ಬಂಗ್ಲೆ ಮುಂದೆ ನೆಡ್ತಿದ್ರಿ ಸಾಮಿ. ಮನುಸ, ಅದುಕ್ಕೇ ನೀರಲ್ಲವ್ನೆ."

ಈ ಸಲದ ನಗು ಪಟೇಲನ ಮೇಲೆ ಬಿತ್ತು. ಮೇಲಿನ ಗದ್ದೆಯ ಮುದುಕ ಸೊಣ್ಣಪ್ಪನೇ, "ಅವ್ನು ಪಾಚಿ ಕೆರೆಯೋದ್ನ ನಾನು ನೋಡಿವ್ನಿ. ಲೆಕ್ಕ ಸರಿ. ಎತ್ತಲಾ ತೂಬು," ಎಂದುಬಿಟ್ಟ. ಪೆದ್ದಪ್ಪ ಮುಳುಗಿ ತೂಬು ಎತ್ತಿದ. ಆ ಸುಗ್ಗಿಯಲ್ಲಿ ಕೇರಿಯಲ್ಲೂ ಹೊಸ ಅಕ್ಕಿ ಬೆಂದಿತು.

ಅಲ್ಲಿಂದ ಎಂಟು ಮಳೆಗಾಲ ಪೆದ್ದಪ್ಪನೇ ಕಲ್ಲಾಗಿ ನಿಂತ. "ಅಪ್ಸರೆಗಿಂತ ನಿಂದೇ ಹೊಟ್ಟೆ ದೊಡ್ದು," ಎಂದು ಆವಲಮ್ಮ ಪ್ರತಿ ಸಲ ಛೇಡಿಸುತ್ತಿದ್ದಳು. ಈ ವರ್ಷ ಅವನು ನಗಲಿಲ್ಲ.

"ನಾನು ನಿಲ್ಲಲ್ಲ ಕಣೇ. ಬೆನ್ನು ಬಗ್ಗೈತೆ, ಹೊಕ್ಳು ಕೆಳಗಿಳಿದೈತೆ. ನೀರು ಕಮ್ಮಿ ಇದ್ರೂ ಮುಳುಗ್ತದೆ, ಸುಳ್ಳು ಲೆಕ್ಕ ಆಗ್ತದೆ. ಮೇಲಿನವ್ರಿಗೆ ಮೋಸ."

ಮೋಸ ಹೋದವನಿಗೆ ಮೋಸದ ಭಯ! ಕಲ್ಲು ಇನ್ನೂ ಬಂಗಲೆಯ ಮುಂದಿದೆ, ನೆತ್ತಿಯ ಮೇಲೊಂದು ಹೂಕುಂಡ ಹೊತ್ತುಕೊಂಡು. ಅಲ್ಲಿ ಉಳಿದುಕೊಂಡಾಗ, ಸಾಹೇಬರೇ, ನೀವೂ ಅದನ್ನು ಸವರಿ, ಭಲೇ ಕೆತ್ತನೆ ಎಂದಿದ್ದೀರಿ. ಮಳೆಗಿನ್ನೂ ಒಂದು ತಿಂಗಳಿದೆ. ಹೂಕುಂಡ ಇಳಿಸಿ, ಗಾಡಿ ಕಟ್ಟಿ, ಆ ಕಲ್ಲನ್ನು ಅದರ ಗುಂಡಿಯಲ್ಲೇ ನೆಟ್ಟು ಬನ್ನಿ.